ಹಗೇವಿನಲ್ಲಿದ್ದ ಅಯ್ಯ

ಮಕ್ತಲ,
24 ಆಗಸ್ಟ್ 2025

ನನ್ನ ಮೊಮ್ಮಗಳು ಕಾವ್ಯಾಗೆ, ಮಕ್ತಲದಿಂದ ಆಯಿ ತಲೆ ಸವರಿ ಬರೆಯುವುದು.

ನಿನ್ನ ಕಾಗದ ಶುಕ್ರವಾರ ಬಂತು. ಈ ಸಲ ತಪ್ಪು ಕಡಿಮೆ. ಮೂರು ಕಡೆ ಒತ್ತಕ್ಷರ ಬಿಟ್ಟಿದ್ದೀ, ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಇದರೊಳಗೇ ಇಟ್ಟಿದ್ದೇನೆ. ನಿಮ್ಮಪ್ಪ ಉದಯಕುಮಾರ ನಗುತ್ತಾನೆ. 'ಅವ್ವಾ, ಫೋನ್ ಹಚ್ಚಿಕೊಡ್ತೀನಿ, ಎರಡು ಮಾತಾಡಿ ಮುಗಿಸಬಾರದೇನು?' ಅನ್ನುತ್ತಾನೆ. ಫೋನಿನಲ್ಲಿ ನನ್ನ ಕಿವಿಗೆ ಗಾಳಿ ಬೀಸಿದಂತೆ ಕೇಳುತ್ತದೆ, ಮಾತು ಕೇಳುವುದಿಲ್ಲ. ಅಲ್ಲದೆ ತೆಲುಗು ಶಾಲೆಯಲ್ಲಿ ಓದಿದ ಹುಡುಗಿ ಕನ್ನಡ ಬರೆಯುವುದನ್ನು ಮರೆಯಬಾರದು ಅಂತಲೇ ಅಲ್ಲವೇ ನಾವು ಈ ಕಾಗದದ ಆಟ ಹೂಡಿದ್ದು. ಈ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಹಾಗಾಗಿ ನಿನ್ನ ಕಾಗದವನ್ನು ಮೇಜಿನ ಮೇಲೆ ತೆರೆದಿಟ್ಟರೂ ಅದು ಪೆಟ್ಟಿಗೆಯೊಳಗೆ ಇಟ್ಟಂತೆಯೇ.

ಗದ್ವಾಲದ ಕೆಲಸ ಹೊಂದಿಕೊಂಡಿತು ಅಂತ ಬರೆದದ್ದು ಸಮಾಧಾನ. ಆಟ ಬಿಟ್ಟ ಮೇಲೆ ಟಾಕೀಸಿನ ಬಾಗಿಲಲ್ಲಿ ಮೈಕು ಹಿಡಿದು 'ಸಿನಿಮಾ ಹ್ಯಾಂಗೈತ್ರಿ?' ಅಂತ ಕೇಳುವುದೂ ಒಂದು ಕೆಲಸ ಅಂತ ನನಗೆ ಗೊತ್ತಿರಲಿಲ್ಲ. ನಿನ್ನ ಚಾನೆಲ್ಲಿನ ಭಾನುಪ್ರಕಾಶ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡುತ್ತಾನೋ ಇಲ್ಲವೋ, ಅದನ್ನು ಬರೆ.

ಆ ಗೂಢಚಾರನ ಸಿನಿಮಾದ ಸುದ್ದಿಯನ್ನು ಎರಡು ಸಲ ಓದಿದೆ. ಅದರ ಮೊದಲಿನದನ್ನು ನಿಮ್ಮಪ್ಪ ಟಿವಿಯಲ್ಲಿ ತೋರಿಸಿದ್ದ. ಅದರಲ್ಲಿ ಅವನು ದಿಲ್ಲಿಯಲ್ಲಿ ಕೂತ ಬಿಳಿಗಡ್ಡದ ಮುದುಕ, ಕೂತಲ್ಲಿಂದಲೇ ಎಲ್ಲರನ್ನೂ ಕುಣಿಸುತ್ತಿದ್ದ. ಈಗ ಬಂದದ್ದು ಎರಡನೆಯ ಸಿನಿಮಾ, ಆದರೆ ಅವನ ಹರೆಯದ ಕಥೆ, ಇದನ್ನು ಪ್ರೀಕ್ವೆಲ್ ಅನ್ನುತ್ತಾರೆ ಅಂತ ಬರೆದಿದ್ದೀ. ಆಗಲಿ. ಆದರೆ ಮುಂದಿನ ಸಾಲು ಓದುವಾಗ ನಾನು ಶೇಂಗಾ ಬಿಡಿಸುತ್ತಿದ್ದೆ. 'ಈ ಸಲ ಕಥೆ ನಮ್ಮ ಕಡೆಯದು ಆಯಿ, ನಿಜಾಮನ ಕಾಲದ್ದು. ಗೂಢಚಾರ ಜಂಗಮನ ವೇಷದಲ್ಲಿ ಕೊತ್ತಪಲ್ಲಿ ಕಡೆಯ ಹಳ್ಳಿಗೆ ಬರುತ್ತಾನೆ, ಒಬ್ಬ ಹೆಂಗಸು ಅವನನ್ನು ಹಗೇವಿನಲ್ಲಿ ಬಚ್ಚಿಡುತ್ತಾಳೆ' ಅಂತ ಬರೆದಿದ್ದೀ. ಆಮೇಲೆ ನಾನು ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತ ಹೋದೆನಂತೆ. ನಿಮ್ಮವ್ವ ಬೈದಳು.

ಹಗೇವು ಅಂದರೇನು ಅಂತ ನಿನ್ನ ಜೊತೆಯವರಿಗೆ ತಿಳಿಯದು, ಬಿಡಿಸಿ ಬರೆ ಅಂದಿದ್ದೀ. ಅಂಗಳದ ನೆಲದೊಳಗೆ ಹರವಿಯ ಆಕಾರದಲ್ಲಿ ತೋಡಿದ ಜೋಳದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮೇಲೆ ಬಂಡೆ ಮುಚ್ಚಿ ಸಗಣಿ ಸಾರಿಸಿದರೆ ಹೊಸಬರಿಗೆ ಕಾಣುವುದಿಲ್ಲ. ಇಷ್ಟು ಸಾಕು. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಒಂದು ಕೇಳುತ್ತೇನೆ. ಆ ಸಿನಿಮಾದಲ್ಲಿ ಅವನನ್ನು ಹಿಡಿದುಕೊಟ್ಟವರು ಯಾರು? ಅಷ್ಟು ಮಾತ್ರ ಬರೆ.

ನಿನ್ನ ಆಯಿ,
ಚನ್ನವೀರಮ್ಮ

*

ಗದ್ವಾಲ,
31 ಆಗಸ್ಟ್ 2025

ಪ್ರೀತಿಯ ಆಯಿ,

ನಿನ್ನ ಕೆಂಪು ಪೆನ್ನು ಕಂಡರೆ ಈಗಲೂ ನನಗೆ ಪರೀಕ್ಷೆಯ ಹೆದರಿಕೆ. ಈ ಕಾಗದವನ್ನು ಎರಡು ಸಲ ತಿದ್ದಿ ಬರೆದಿದ್ದೇನೆ. ಭಾನುಪ್ರಕಾಶ ಊಟಕ್ಕೆ ಬಿಡುತ್ತಾನೆ, ಚಿಂತೆ ಬೇಡ.

ಮೊದಲ ದಿನದ ಗದ್ದಲ ಏನು ಹೇಳಲಿ! ಬಾಗಿಲು ತೆರೆದದ್ದೇ ತಡ, ಬೆವರು ಒರೆಸಿಕೊಳ್ಳುತ್ತ ಜನ ನನ್ನ ಮೈಕಿನ ಮೇಲೆ ಬಿದ್ದರು. ಒಬ್ಬ ಆಟೋದವ, 'ಫೈಟಿಂಗ್ ಖತರ್ನಾಕ್ ಐತಿ ಅಕ್ಕಾ! ಜಂಗಮಯ್ಯ ಬೆತ್ತ ತಿರುವಿದ್ರ ಹನ್ನೆರಡು ಮಂದಿ ಹಾರಿ ಬಿದ್ರು, ನಾ ಎಣಿಸೀನಿ' ಅಂದ. ಅವನ ಹಿಂದಿದ್ದವ, 'ಹದಿಮೂರಲೇ, ಒಬ್ಬ ಕುದುರಿ ಮ್ಯಾಲಿಂದ ಬಿದ್ದಿದ್ದ, ನೀ ಶಿಳ್ಳಿ ಹೊಡಿಯೋದ್ರಾಗ ಇದ್ದಿ' ಅಂತ ಜಗಳಕ್ಕೆ ನಿಂತ. ಶಾಂತಿನಗರದಿಂದ ಬಂದ ಶ್ರೀರಾಮುಲು ಅಂತ ಒಬ್ಬ ಹಿರಿಯರು ಕನ್ನಡಕ ತೆಗೆದು, 'ಮೊದಲಿಂದೇ ಛಲೋ ಇತ್ತಮ್ಮಾ. ಅದರಾಗ ತಲಿ ಇತ್ತು, ಇದರಾಗ ಬರೇ ಕೈಕಾಲು' ಅಂದರು. ಒಬ್ಬ ಕಾಲೇಜು ಹುಡುಗ, 'ಪ್ರೀಕ್ವೆಲ್ ಅಲ್ಲೇನ್ರಿ, ಹೀರೋ ಸಾಯಂಗಿಲ್ಲಂತ ಮೊದಲೇ ಗೊತ್ತು. ಮುದುಕ ಆಗಿದ್ದನ್ನ ಆಗ್ಲೇ ನೋಡೀವಿ. ಮತ್ತ ಅಂಜಿಕಿ ಎಲ್ಲಿಂದ ಬರಬೇಕು? ಸೆಕೆಂಡ್ ಹಾಫ್ ಫುಲ್ ಲ್ಯಾಗ್' ಅಂದ.

ನೀನು ಕೇಳಿದ್ದಕ್ಕೆ ಉತ್ತರ. ಹಿಡಿದುಕೊಟ್ಟವಳು ಆ ಮನೆಯ ಹೆಂಗಸೇ. ಬಚ್ಚಿಟ್ಟವಳೂ ಅವಳೇ. ಬಂಗಾರದ ಒಂದು ಪುತಳಿ ಸರದ ಆಸೆಗೆ ಪೊಲೀಸರಿಗೆ ಹೇಳುತ್ತಾಳೆ. ಕೊನೆಗೆ ಅದೇ ಸರ ಹಾಕಿಕೊಂಡು ಕನ್ನಡಿ ಮುಂದೆ ನಿಂತು ನಗುತ್ತಾಳೆ. ಆ ಸೀನಿಗೆ ಪರದೆಯ ಮೇಲೆ ಚಪ್ಪಲಿ ಬಿದ್ದವು ಆಯಿ, ನಿಜವಾಗಿ. ಮಾನೋಪಾಡಿನ ಹುಸೇನಮ್ಮ ಅನ್ನುವಾಕೆ ಅಳುತ್ತಲೇ ಹೊರಗೆ ಬಂದಳು. 'ಅನ್ನ ಹಾಕಿದ ಕೈಲೇ ಹಿಡಿದು ಕೊಟ್ಳಲ್ಲವ್ವ ಆಕಿ! ಇಂಥಾಕಿ ಹೊಟ್ಟ್ಯಾಗ ಹುಟ್ಟಿದವರು ಮುಖ ಎತ್ತಿ ಹ್ಯಾಂಗ ತಿರುಗ್ಯಾರು?' ಅಂದಳು. ಆ ಮಾತನ್ನು ಎರಡು ಲಕ್ಷ ಜನ ನೋಡಿದರು. ಭಾನುಪ್ರಕಾಶ ಸಂತೋಷದಿಂದ ಎಲ್ಲರಿಗೂ ಮಿರ್ಚಿ ಕೊಡಿಸಿದ.

ನಿಜ ಘಟನೆ ಆಧಾರ ಅಂತ ಮೊದಲಿಗೇ ಬರೆದಿದ್ದಾರೆ. ನಿನ್ನ ತವರಿನ ಅಂಗಳದಲ್ಲೂ ಇಂಥದೇ ಒಂದು ಬಂಡೆ ಇತ್ತಲ್ಲ? ಸಣ್ಣವಳಿದ್ದಾಗ ಅದರ ಮೇಲೆ ಕೂತು ಬೋರೆಹಣ್ಣು ತಿಂದ ನೆನಪು. ನಿನಗೆ ಆ ಕಾಲದ್ದು ಏನಾದರೂ ನೆನಪಿದೆಯೇ? ಮೈಕು ಹಿಡಿದುಕೊಂಡು ನಾನೇ ಬರಲೇ?

ನಿನ್ನ ಮೊಮ್ಮಗಳು,
ಕಾವ್ಯ

*

ಮಕ್ತಲ,
4 ಸೆಪ್ಟೆಂಬರ್ 2025

ಕಾವ್ಯಾ,

ತಪ್ಪು ತಿದ್ದಿಲ್ಲ. ತಿದ್ದುವ ಮನಸ್ಸಾಗಲಿಲ್ಲ.

ಬರಬೇಡ. ನನಗೆ ಏನೂ ನೆನಪಿಲ್ಲ. ನನ್ನ ತವರೂರಿಗೂ ಹೋಗಬೇಡ, ಯಾರನ್ನೂ ಕರೆದುಕೊಂಡು ಹೋಗಬೇಡ. ಆ ಮನೆಯಲ್ಲಿ ಈಗ ಈಶ್ವರಿ ಇದ್ದಾಳೆ, ಪಾಪ, ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು ಯುಗಾದಿಗೆ ಬಂದು ಹೋಗಿದ್ದಾನೆ. ಖಾಲಿ ಮನೆಯಲ್ಲಿ ದೀಪ ಹಚ್ಚುವವರು ಇರಲಿ ಅಂತ ನಾನೇ ಇಟ್ಟದ್ದು. ಅವಳ ಬಾಗಿಲಿಗೆ ಮೈಕು ಒಯ್ಯಬೇಡ.

ನಿಮ್ಮಪ್ಪನ ಬೀಜದ ಅಂಗಡಿಗೆ ಬರುವವರೂ ಈಗ ಅದನ್ನೇ ಮಾತಾಡುತ್ತಾರೆ. ನಾನು ಪರದೆಯ ಹಿಂದೆ ನಿಂತು ನೋಡುತ್ತೇನೆ. ಮಾತು ಕಿವಿಗೆ ಬೀಳುವುದಿಲ್ಲ, ಮುಖಗಳು ಕಾಣುತ್ತವೆ. ನಗುತ್ತ ನಗುತ್ತ ಒಬ್ಬ ಕಲ್ಲು ಎತ್ತಿದಂತೆ ಕೈ ಮಾಡಿ ತೋರಿಸಿದ. ಉದಯಕುಮಾರನೂ ನಕ್ಕ. ನಾನು ಒಳಗೆ ಬಂದು ಮಂಚದ ಮೇಲೆ ಕೂತೆ. ಮೊನ್ನೆ ಅಂಚೆಯವನು ಗೇಟು ಬಡಿದದ್ದಕ್ಕೆ ಕೈಯಲ್ಲಿದ್ದ ಲೋಟ ಬಿಟ್ಟೆ. ಎಂಬತ್ನಾಲ್ಕರ ಮುದುಕಿಗೆ ಕೈ ನಡುಗುತ್ತದೆ ಅಂತ ಅಂದುಕೊಂಡರು. ಅನ್ನಲಿ.

ಆ ಕಾಲೇಜು ಹುಡುಗನ ಮಾತನ್ನು ನಾಲ್ಕು ಸಲ ಓದಿದೆ. ಹೀರೋ ಸಾಯುವುದಿಲ್ಲ ಅಂತ ಮೊದಲೇ ಗೊತ್ತು ಅಂದನಲ್ಲ, ಅದು ಖರೆಯೇ? ಮುದುಕನಾದದ್ದನ್ನು ಮೊದಲೇ ತೋರಿಸಿಬಿಟ್ಟಿದ್ದಾರೆ, ಹಾಗಾದರೆ ಈ ಸಿನಿಮಾದಲ್ಲಿ ಅವನನ್ನು ಸಾಯಿಸುವಂತಿಲ್ಲ, ಅಲ್ಲವೇ? ಹಿಡಿದುಕೊಂಡು ಹೋದ ಮೇಲೆ ಅವನು ಹ್ಯಾಗೆ ತಪ್ಪಿಸಿಕೊಂಡ? ಯಾವ ದಾರಿಯಿಂದ? ಯಾರು ನೀರು ಕೊಟ್ಟರು? ತೋರಿಸಿದ್ದರೆ ಬಿಡಿಸಿ ಬರೆ. ಸಣ್ಣದನ್ನೂ ಬಿಡಬೇಡ.

ಆ ಹುಸೇನಮ್ಮನ ಮಾತನ್ನು ಮಾತ್ರ ಇನ್ನೊಮ್ಮೆ ಬರೆಯಬೇಡ.

ಆಯಿ

*

ಗದ್ವಾಲ,
13 ಸೆಪ್ಟೆಂಬರ್ 2025

ಆಯಿ,

ನಿನ್ನ ಕಾಗದ ಬರುವುದಕ್ಕೆ ಮೊದಲೇ ನಾನು ಹೇಳಿಬಿಟ್ಟಿದ್ದೆ. ನಿನಗೆ ಬರೆದ ಮರುದಿನವೇ. ಒಬ್ಬ ನೋಡುಗ, 'ಹಗೇವು ಅನ್ನೋದೆಲ್ಲ ಸೆಟ್ ರೀ, ಅಂಥಾವು ಎಲ್ಲಿರ್ತಾವ' ಅಂದ. ನಾನು ಮೈಕನ್ನು ನನ್ನ ಕಡೆ ತಿರುಗಿಸಿಕೊಂಡು, 'ಸೆಟ್ ಅಲ್ಲ, ನಮ್ಮ ಆಯಿ ತವರಿನಾಗ ಐತಿ' ಅಂತ ಊರಿನ ಹೆಸರು ಸಹಿತ ಹೇಳಿದೆ. ಹೆಮ್ಮೆಯಿಂದ ಹೇಳಿದೆ ಆಯಿ. ಅದರ ಕೆಳಗೆ ಯಾರೋ ಬರೆದರು, ಇದು ನಡೆದದ್ದು ಅದೇ ಊರಲ್ಲಿ, ಅದೇ ಮನೆಯಲ್ಲಿ, ನಮ್ಮ ತಾತ ಹೇಳುತ್ತಿದ್ದ ಅಂತ. ಆಮೇಲೆ ನೂರಾರು ಜನ ತೆಲುಗಿನಲ್ಲಿ ಒಂದೇ ಪ್ರಶ್ನೆ, ಆ ಮನೆ ಎಲ್ಲಿ ಅಂತ, 'ಆ ಇಲ್ಲು ಎಕ್ಕಡ? ಆ ಇಲ್ಲು ಎಕ್ಕಡ?' ಭಾನುಪ್ರಕಾಶ ನನಗೆ ಹೇಳದೆ ಹೋಗಿ ಮನೆಯ ಫೋಟೋ ತೆಗೆದು ಹಾಕಿದ.

ಮೊನ್ನೆ ಭಾನುವಾರ ಮಧ್ಯಾಹ್ನ ಆರು ಮೋಟರ್‌ಸೈಕಲ್ಲು ಬಂದವಂತೆ. ಸಿನಿಮಾದ ಡೈಲಾಗು ಹೇಳುತ್ತ ಬಾಗಿಲಿಗೆ ಕೆಂಪು ಬಣ್ಣದಲ್ಲಿ 'ದ್ರೋಹಿ' ಅಂತ ಬರೆದರು. ಈಶ್ವರಿ ಒಳಗಿನಿಂದ ಅಗಳಿ ಹಾಕಿಕೊಂಡಳು. ಆಗ ಕಲ್ಲು ಬಿತ್ತು, ಕಿಟಕಿಯಿಂದ. ದೊಡ್ಡ ಹುಡುಗಿಯ ಹುಬ್ಬಿನ ಮೇಲೆ ನಾರಾಯಣಪೇಟೆ ಆಸ್ಪತ್ರೆಯಲ್ಲಿ ಮೂರು ಹೊಲಿಗೆ. ಈಶ್ವರಿ ನನಗೆ ಫೋನು ಮಾಡಿ, 'ಅಕ್ಕಾ, ನಾವೇನು ಮಾಡೀವಿ? ನಮ್ಮೂರೇ ಅಲ್ಲ ಇದು. ಮತ್ತ ಬರ್ತೀವಂತ ಹೇಳಿ ಹೋಗ್ಯಾರ' ಅಂದಳು. ನನ್ನಿಂದ ಆದದ್ದು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಅವರನ್ನು ಅಟ್ಟಿದವಳು ಪಕ್ಕದ ಮನೆಯ ಮೈಲಮ್ಮಜ್ಜಿ. ಕಸಬರಿಗೆ ಹಿಡಿದುಕೊಂಡು ಬಂದು ಹೊಸ್ತಿಲ ಮೇಲೆ ಕೂತುಬಿಟ್ಟಳಂತೆ. ಒಬ್ಬ ಫೋನು ಹಿಡಿದು, 'ಏ ಮುದುಕಿ, ನಿನಗೆಲ್ಲಾ ಗೊತ್ತೈತಂತಲ್ಲ, ಹೇಳು' ಅಂದನಂತೆ. 'ಗೊತ್ತೈತಿ. ಮಕ್ತಲದಾಗಿನ ಚನ್ನವ್ವ ಹೇಳು ಅಂದ್ರ ಹೇಳ್ತೀನಿ. ಇಲ್ಲಾಂದ್ರ ನಿನ್ನ ಫೋನು ನನ್ನ ಬಾಯಾಗ ತುರುಕಿದ್ರೂ ಹೇಳಂಗಿಲ್ಲ' ಅಂದಳಂತೆ.

ಏನು ಗೊತ್ತು ಆಯಿ ಅವಳಿಗೆ? ನಿನ್ನ ಅವ್ವ, ಶಿವಗಂಗಾ ಮುತ್ತಜ್ಜಿ, ಇದನ್ನು ಮಾಡಿದಳೇ?

ನೀನು ಕೇಳಿದ್ದು. ಠಾಣೆಯಿಂದ ರಾಯಚೂರಿಗೆ ಒಯ್ಯುವಾಗ ಅವನು ಕೈಗೆ ಹಗ್ಗ ಇದ್ದಂತೆಯೇ ಕೃಷ್ಣೆಗೆ ಜಿಗಿಯುತ್ತಾನೆ. ಮಗುಚಿದ ಹರಿಗೋಲಿನ ಕೆಳಗೆ ತಲೆ ಇಟ್ಟುಕೊಂಡು ದಾಟುತ್ತಾನೆ. ಆಚೆ ದಡದಲ್ಲಿ ಒಬ್ಬ ಕುರುಬ ನೀರಲ್ಲ, ಹಾಲು ಕೊಡುತ್ತಾನೆ. ಜನ ಎದ್ದು ನಿಂತು ಶಿಳ್ಳೆ ಹೊಡೆಯುತ್ತಾರೆ.

ನನಗೆ ಭಯವಾಗುತ್ತಿದೆ.

ಕಾವ್ಯ

*

ಮಕ್ತಲ,
17 ಸೆಪ್ಟೆಂಬರ್ 2025

ಮಗಳೇ ಕಾವ್ಯಾ,

ಹೊರಗೆ ಬಾವುಟ ಏರಿಸಿ ಮಕ್ಕಳಿಗೆ ಲಾಡು ಹಂಚುತ್ತಿದ್ದಾರೆ. ನಿಜಾಮನ ಆಳ್ವಿಕೆ ಮುಗಿದದ್ದು ಇದೇ ತಾರೀಕು. ಅದಕ್ಕೆ ಒಂದು ತಿಂಗಳು ಮೊದಲು, ಶ್ರಾವಣದಲ್ಲಿ, ಅವನು ನಮ್ಮ ಮನೆಗೆ ಬಂದ.

ನನಗೆ ಏಳು ವರ್ಷ. ಅಪ್ಪ ಹಿಂದಿನ ವರ್ಷ ಜ್ವರದಲ್ಲಿ ಹೋಗಿದ್ದ. ಮನೆಯಲ್ಲಿ ಅವ್ವ, ನಾನು. ಶ್ರಾವಣದಲ್ಲಿ ಜಂಗಮರು ಬರುವುದು, ಪಾದ ತೊಳೆದು ಉಣ್ಣಿಸುವುದು ನಮ್ಮಲ್ಲಿ ನಡೆದು ಬಂದದ್ದು. ಕಾವಿ ತೊಟ್ಟು ಜೋಳಿಗೆ ಹಾಕಿಕೊಂಡು ಒಬ್ಬ ಬಂದರೆ ಊರಿಗೆ ಅನುಮಾನ ಬರಲಿಲ್ಲ. ಸಿನಿಮಾದಲ್ಲಿ ಅವನು ಬೆತ್ತ ತಿರುವಿದನಂತೆ. ನಮ್ಮವನಿಗೆ ಬೆತ್ತ ಊರಿಕೊಳ್ಳುವುದಕ್ಕೇ ಬೇಕಾಗಿತ್ತು. ಕಡ್ಡಿಯಂಥ ಮೈ, ಒಂದೇ ಸಮನೆ ಕೆಮ್ಮು. ಅವನು ನಿಜಾಮನ ವಿರುದ್ಧ ಗುಟ್ಟಿನ ಸುದ್ದಿ ಒಯ್ಯುವವನು ಅಂತ ಅವ್ವನಿಗೆ ಗೊತ್ತಿತ್ತು. ನನಗೆ ಹೇಳಿರಲಿಲ್ಲ. ಪೊಲೀಸರು ಊರೂರು ತಿರುಗುತ್ತಿದ್ದರು ಅಂತ ಹಗಲೆಲ್ಲ ಅವನು ಹಗೇವಿನಲ್ಲಿ ಇರುತ್ತಿದ್ದ. ಅವ್ವ ಮೊದಲು ಹಗ್ಗ ಕಟ್ಟಿ ದೀಪ ಇಳಿಬಿಡುತ್ತಿದ್ದಳು, ಒಳಗಿನ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ. ಆರದಿದ್ದರೆ ಅವನನ್ನು ಇಳಿಸಿ, ಬಂಡೆಯನ್ನು ಒಂದು ಬೆರಳಷ್ಟು ಓರೆಯಾಗಿ ಮುಚ್ಚುತ್ತಿದ್ದಳು. ಆ ಸಂದಿಯಿಂದ ಕೆಮ್ಮು ಕೇಳಿದರೆ ನಾನು ಒಳಗೆ ಏನೋ ಕುಟ್ಟುತ್ತಿರುವಂತೆ ಒನಕೆ ಹಾಕಬೇಕು. ಅದು ನನಗೆ ಆಟ. ಅಯ್ಯನವರು ಯಾಕೆ ಗುಂಡಿಯಲ್ಲಿ ಇರುತ್ತಾರೆ ಅಂತ ಕೇಳಿದರೆ 'ವ್ರತ ಐತಿ ಅವರದು' ಅಂದಿದ್ದಳು.

ಸ್ನಾನಕ್ಕೆ ನೀರು ಕೊಡುವವಳು ನಾನು. ಆರನೆಯ ದಿನ ಅವನು ಕೊರಳಿನಲ್ಲಿದ್ದ, ಲಿಂಗ ಇಡುವ ಬೆಳ್ಳಿ ಕರಡಿಗೆಯನ್ನು ಬಿಚ್ಚಿ ಕಲ್ಲಿನ ಮೇಲೆ ಇಟ್ಟಿದ್ದ. ನೀನೇ ಹೇಳು, ನಮ್ಮ ಮನೆಯಲ್ಲಿ ಯಾರಾದರೂ ಲಿಂಗವನ್ನು ಮೈಯಿಂದ ಬಿಚ್ಚಿ ಬಚ್ಚಲ ಕಲ್ಲಿನ ಮೇಲೆ ಇಡುವುದನ್ನು ಕಂಡಿದ್ದೀಯಾ? ಹುಟ್ಟಿದ ಕೂಸಿಗೂ ಕಟ್ಟುತ್ತೇವೆ. ಅಯ್ಯನವರು ಮರೆತಿದ್ದಾರೆ, ಕೈಗೆ ಕೊಡೋಣ ಅಂತ ಎತ್ತಿದೆ. ಹಗುರ ಇತ್ತು. ತೆರೆದೆ. ಒಳಗೆ ಲಿಂಗ ಇರಲಿಲ್ಲ. ನಾಲ್ಕು ಮಡಿಕೆಯ ಒಂದು ಕಾಗದ.

ನನಗೆ ಬಂದದ್ದು ಸಿಟ್ಟು. ಲಿಂಗ ಇಲ್ಲದವನು ನಮ್ಮವ್ವನ ಕೈಯಲ್ಲಿ ಪಾದ ತೊಳೆಸಿಕೊಂಡಿದ್ದಾನೆ, ನಮ್ಮವ್ವನಿಗೆ ಮೋಸ ಮಾಡಿದ್ದಾನೆ! ಅವ್ವನಿಗೆ ಹೇಳಿದರೆ ನೊಂದುಕೊಳ್ಳುತ್ತಾಳೆ ಅಂತ ಹೇಳಲಿಲ್ಲ. ಬಾವಿಕಟ್ಟೆಯಲ್ಲಿ ಮೈಲಮ್ಮನಿಗೆ ಹೇಳಿದೆ. 'ನಮ್ಮನಿಗೆ ಬಂದ ಅಯ್ಯನ ಕರಡಿಗ್ಯಾಗ ಲಿಂಗ ಇಲ್ಲ, ಕಾಗದ ಐತಿ.' ಅವಳು, 'ಹೋಗ, ಸುಳ್ಳಿ' ಅಂದಳು. 'ಆಣಿ ಮಾಡ್ತೀನಿ' ಅಂತ ಮತ್ತೊಮ್ಮೆ, ಗಂಟಲು ಎತ್ತರಿಸಿ ಹೇಳಿದೆ. ಕಟ್ಟೆಯ ಆಚೆ ಗಿರ್ದಾವರ ಸಾಹೇಬನ ಜವಾನ ಕುದುರೆಗೆ ನೀರು ಕುಡಿಸುತ್ತಿದ್ದ. ಕಂದಾಯದವರ ಆಳು, ನಮಗೆ ದಿನಾ ಕಾಣುವ ಮನುಷ್ಯ. ಅವನು ನನ್ನನ್ನು ನೋಡಿ ನಕ್ಕ. ನಾನೂ ನಕ್ಕೆ. ಮೊದಲ ಸಲ ಮೆಲ್ಲಗೆ ಹೇಳಿದ್ದೆ ಕಾವ್ಯಾ. ಎರಡನೆಯ ಸಲವೇ ಅವನಿಗೆ ಕೇಳಿದ್ದು.

ಮರುದಿನ ಅವನು ರೊಟ್ಟಿ ಮುರಿಯುವಾಗ ಪೊಲೀಸರು ಬಂದರು. ಬೇರೆ ಏನೂ ಹುಡುಕಲಿಲ್ಲ, ನೇರ ಕೊರಳಿಗೆ ಕೈ ಹಾಕಿದರು. ಅವ್ವ ನನ್ನ ಕಡೆ ತಿರುಗಿ ನೋಡಿದಳು, ಆಗಲೇ ಅವಳಿಗೆ ತಿಳಿಯಿತು. ಹೊರಡುವಾಗ ಅವನು ನನ್ನ ತಲೆ ಮುಟ್ಟಿದ. ತಿಳಿದು ಮುಟ್ಟಿದನೋ ತಿಳಿಯದೆಯೋ. ಅವನು ತಿರುಗಿ ಬಂದ ಸುದ್ದಿ ಇಲ್ಲ. ಎಪ್ಪತ್ತೇಳು ವರ್ಷ ಆಯಿತು, ತಲೆ ಬಾಚುವಾಗ ಆ ಜಾಗಕ್ಕೆ ಬಾಚಣಿಗೆ ತಾಗಿದರೆ ಇವತ್ತಿಗೂ ಕೈ ನಿಲ್ಲುತ್ತದೆ.

ನಿಜಾಮ ಹೋದ ಮೇಲೆ ಚಾವಡಿಯಲ್ಲಿ ಪಂಚಾಯಿತಿ ಕೂತಿತು. ಅವನನ್ನು ಹಿಡಿದುಕೊಟ್ಟವರು ಯಾರು ಅಂತ ಕೇಳಿದರು. ಮಂದಿ ಹುಚ್ಚೆದ್ದಿದ್ದ ದಿನಗಳವು, ಹೆಸರು ಬಂದ ಮನೆಗಳಿಗೆ ಬೆಂಕಿ ಬೀಳುತ್ತಿತ್ತು. ಅವ್ವ ಸೆರಗು ಹೊದ್ದು ಎದ್ದು ನಿಂತು 'ನಾನೇ' ಅಂದಳು. ನಾನು ಅವಳ ಸೀರೆ ಹಿಡಿದುಕೊಂಡು ನಿಂತಿದ್ದೆ. ಮನೆಗೆ ಬಂದು ಮೈಲಮ್ಮನನ್ನು ಕರೆದು, ಅಂಗೈಯಲ್ಲಿ ವಿಭೂತಿ ಇಟ್ಟು, ಬಾವಿಕಟ್ಟೆಯ ಮಾತನ್ನು ಯಾರಿಗೂ ಹೇಳಬಾರದು ಅಂತ ಭಾಷೆ ತೆಗೆದುಕೊಂಡಳು. ಗಂಡ ಸತ್ತ ಹೆಂಗಸು ಅಂತ ಊರು ಅವಳನ್ನು ಸುಡಲಿಲ್ಲ, ದೂರ ಇಟ್ಟಿತು. ಪುತಳಿ ಸರ ಪೊಲೀಸರು ಕೊಟ್ಟದ್ದು ಅಂತ ಆಮೇಲೆ ಯಾರೋ ಸೇರಿಸಿದರು. ಅದು ನಮ್ಮ ಅಮ್ಮಮ್ಮ, ಅವ್ವನ ಅವ್ವ, ಮಗಳ ಮದುವೆಯಲ್ಲಿ ಹಾಕಿದ್ದು. ಅವತ್ತು ತೆಗೆದಿಟ್ಟವಳು ಮತ್ತೆ ಹಾಕಲಿಲ್ಲ. ಮೂವತ್ತೊಂದು ಶ್ರಾವಣ ಬದುಕಿದಳು. ಒಬ್ಬ ಜಂಗಮನೂ ನಮ್ಮ ಅಂಗಳ ಮೆಟ್ಟಲಿಲ್ಲ. ಪ್ರತಿ ಶ್ರಾವಣದ ಸೋಮವಾರ ಅವಳು ಮಾತ್ರ ಮಣೆ ಹಾಕಿ, ಪಾದ ತೊಳೆಯುವ ತಂಬಿಗೆ ತುಂಬಿಟ್ಟು, ಸಂಜೆ ಆ ನೀರನ್ನು ತುಳಸಿಗೆ ಹಾಕುತ್ತಿದ್ದಳು. ನಾನು ನೋಡುತ್ತಿದ್ದೆ. ಹೇಳಲಿಲ್ಲ. ಮದುವೆಯಾಗಿ ಮಕ್ತಲಕ್ಕೆ ಬಂದೆ, ಹೇಳಲಿಲ್ಲ. ಅವಳು ಸತ್ತಾಗ ಹೊರಲು ನಾಲ್ಕು ಹೆಗಲು ಸಿಗಲಿಲ್ಲ, ಬಂಡಿಯಲ್ಲಿ ಒಯ್ದೆವು. ಆಗಲೂ ಹೇಳಲಿಲ್ಲ.

ಶಾಲೆಗೆ ಹೋಗದವಳು ಅಕ್ಷರ ಹ್ಯಾಗೆ ಕಲಿತೆ ಅಂತ ಸಣ್ಣವಳಿದ್ದಾಗ ಕೇಳುತ್ತಿದ್ದೆಯಲ್ಲ. ಅಂಗಡಿಯ ಪೊಟ್ಟಣದ ಕಾಗದ ನೋಡಿ ನೋಡಿ ಕಲಿತೆ. ಆ ಕರಡಿಗೆಯೊಳಗೆ ಏನು ಬರೆದಿತ್ತು ಅಂತ ತಿಳಿಯಬೇಕಾಗಿತ್ತು ನನಗೆ. ಅಕ್ಷರ ಬಂದವು. ಆ ಕಾಗದ ಎಲ್ಲಿಂದ ಬರಬೇಕು.

ಹುಸೇನಮ್ಮ ಕೇಳಿದಳಲ್ಲ, ಅಂಥವಳ ಹೊಟ್ಟೆಯಲ್ಲಿ ಹುಟ್ಟಿದವರು ಮುಖ ಎತ್ತಿ ಹ್ಯಾಗೆ ತಿರುಗುತ್ತಾರೆ ಅಂತ. ಹೀಗೆ ತಿರುಗಿದೆ. ಕಾಗದ ಬರೆಯುತ್ತ, ಮೊಮ್ಮಗಳ ಒತ್ತಕ್ಷರ ತಿದ್ದುತ್ತ.

ನೀನು ಮೈಕಿನಲ್ಲಿ ಊರಿನ ಹೆಸರು ಹೇಳಿದ್ದನ್ನು ಓದಿದಾಗ ನಿನ್ನ ಮೇಲೆ ಸಿಟ್ಟು ಬರಲಿಲ್ಲ. ಬಾವಿಕಟ್ಟೆ ಕಂಡಿತು. ಈಗ ಈಶ್ವರಿಯ ಕೂಸಿನ ಹಣೆಗೆ ಹೊಲಿಗೆ ಬಿದ್ದಿದೆ. ಮತ್ತೆ ಬರುತ್ತೇವೆ ಅಂದಿದ್ದಾರೆ. ನನಗೆ ಬಹಳ ಹೆದರಿಕೆ ಆಗುತ್ತಿದೆ, ಇಷ್ಟು ದಿನ ಯಾರಿಗೋ ಹೆದರುತ್ತಿದ್ದೆ, ಈಗ ಯಾರಿಗೆ ಅಂತಲೂ ತಿಳಿಯದು.

ಆ ಸಿನಿಮಾ ಇನ್ನೂ ಆಡುತ್ತಿದೆಯೇ? ಹಗಲು ಆಟ ಇದೆಯೇ?

ಆಯಿ

*

ಗದ್ವಾಲ,
27 ಸೆಪ್ಟೆಂಬರ್ 2025

ಆಯಿ,

ಸಿನಿಮಾ ನೋಡಿ ಹೋದ ನೀವಿಬ್ಬರೂ, ನೀನೂ ಮೈಲಮ್ಮಜ್ಜಿಯೂ, ಕ್ಷೇಮವಾಗಿ ಮನೆ ಮುಟ್ಟಿದ್ದನ್ನು ಅಪ್ಪ ಹೇಳಿದ. ಹೆಂಗಸರಿಗೆ ಬಸ್ಸು ಪುಕ್ಕಟೆ, ಸಿನಿಮಾ ಯಾಕಿಲ್ಲ ಅಂತ ಮೈಲಮ್ಮಜ್ಜಿ ಟಾಕೀಸಿನವನ ಹತ್ತಿರ ಜಗಳ ತೆಗೆದಳಲ್ಲ, ಆ ಗೇಟಿನವ ಇನ್ನೂ ನನ್ನನ್ನು ಕಂಡರೆ ನಗುತ್ತಾನೆ. ಅಷ್ಟು ಗುಂಡಿನ ಸದ್ದಿನಲ್ಲಿ ಅವಳು ಬಾಯಿ ತೆರೆದು ನಿದ್ದೆ ಮಾಡಿದಳು. ನೀನು ಕಣ್ಣು ಮಿಟುಕಿಸಲಿಲ್ಲ. ಹರಿಗೋಲಿನ ಸೀನು ಬಂದಾಗ ನನ್ನ ಮಣಿಕಟ್ಟು ಹಿಡಿದೆ. ಇನ್ನೂ ಗುರುತು ಇದೆ.

ಆಟ ಬಿಟ್ಟ ಮೇಲೆ ನೀನು ನೋಡುಗರ ಸಾಲಿನಲ್ಲಿ ಹೋಗಿ ನಿಲ್ಲುತ್ತೀಯ ಅಂತ ನಾನು ಎಣಿಸಿರಲಿಲ್ಲ. ಸೆರಗು ಸರಿಸಿದಾಗ ಕೊರಳಲ್ಲಿ ಪುತಳಿ ಸರ! ನಿನ್ನ ಹಿಂದೆ ಇದ್ದವರ ಮಾತು ನಿನಗೆ ಕೇಳಿಸಿರಲಾರದು, ಅದನ್ನು ಬರೆಯುತ್ತೇನೆ. ಒಬ್ಬ ಹುಡುಗ, 'ಲೇ, ಅದೇ ಸರ! ಸಿನಿಮಾದಾಗಿಂದು!' ಅಂದ. ಇನ್ನೊಬ್ಬ, 'ಪಬ್ಲಿಸಿಟಿ ಲೇ, ಸಿನಿಮಾದೋರೇ ಕಳಿಸ್ಯಾರ ಮುದುಕಿನ್ನ' ಅಂದ.

ನನ್ನ ಬಾಯಿಗೆ ರೂಢಿಯ ಪ್ರಶ್ನೆಯೇ ಬಂತು. 'ಸಿನಿಮಾ ಹ್ಯಾಂಗೈತ್ರಿ?' ಅಂದೆ, ನಿನಗೆ. ನೀನು ಹೇಳಿದ್ದನ್ನು ಎಷ್ಟು ಸಲ ಕೇಳಿದ್ದೇನೋ, ಹಾಗೇ ಬರೆಯುತ್ತೇನೆ.

'ಹೊಡೆದಾಟ ಭಾಳ ಐತ್ರಿ. ಅಂವ ಯಾರನ್ನೂ ಹೊಡೀಲಿಲ್ಲ. ಅವಗ ಕೆಮ್ಮಿತ್ತು. ಇದರಾಗ ಅಂವ ಬದುಕ್ಯಾನ, ಅದು ನನಗ ಭಾಳ ಸೇರಿತು. ಆ ಹೆಣ್ಣುಮಗಳಂತೂ ನಮ್ಮವ್ವ. ಶಿವಗಂಗಾ ಅಂತ ಹೆಸರು. ಆಕಿ ಹೇಳಿಲ್ಲ. ನಾ ಹೇಳೀನಿ. ಏಳು ವರ್ಷದಾಕಿ ಇದ್ದೆ.' ಆಮೇಲೆ ನೀನು ನಿಂತುಬಿಟ್ಟೆ. ಹನ್ನೊಂದು ಸೆಕೆಂಡು, ನಾನು ನೋಡಿದ್ದೇನೆ. ಆಮೇಲೆ, 'ಆ ಮನ್ಯಾಗ ಈಗ ಇರೋರು ಬ್ಯಾರೇಯವರು. ಕಲ್ಲು ಒಗಿಯೋರು ಮಕ್ತಲಕ್ಕ ಬರ್ರಿ. ಬೀಜದಂಗಡಿ ಹಿಂದಿನ ಮನಿ. ನಾ ಇರ್ತೀನಿ' ಅಂದೆ.

ಪಬ್ಲಿಸಿಟಿ ಅಂದವನು ತಲೆ ತಗ್ಗಿಸಿದ. ಆದರೆ ಮೂರನೆಯ ಹುಡುಗನೊಬ್ಬ ಫೋನು ತಿರುಗಿಸದೆ ನಿನ್ನ ಮುಖವನ್ನೇ ಹಿಡಿಯುತ್ತಿದ್ದ, 'ಮತ್ತ ಎಪ್ಪತ್ತು ವರ್ಷ ಏನ್ ಮಾಡಿದಿ ಮುದುಕಿ?' ಅಂದ. ಮೈಲಮ್ಮಜ್ಜಿ ಅವನ ಕಡೆ ಚಪ್ಪಲಿ ಎತ್ತಿದ್ದು ಅದಕ್ಕೇ. ನೀನು ಯಾಕೆ ಅಂತ ಕೇಳಿದೆ, ನಾನು ಏನೋ ಸುಳ್ಳು ಹೇಳಿದೆ.

ಭಾನುಪ್ರಕಾಶ ಅವತ್ತೇ ಹಾಕಬೇಕು ಅಂತ ಕುಣಿದ. ಅಳುವ ಸಂಗೀತ ಸಹ ಹುಡುಕಿ ಇಟ್ಟಿದ್ದ. ನಾನು ಕ್ಯಾಮೆರಾದ ಕಾರ್ಡು ತೆಗೆದುಕೊಂಡು ಬಂದು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ. ಆ ಫೋನಿನ ಹುಡುಗ ತಾನು ತೆಗೆದದ್ದನ್ನು ಇನ್ನೂ ಯಾಕೋ ಎಲ್ಲೂ ಹಾಕಿಲ್ಲ, ದಿನಾ ನೋಡುತ್ತಿದ್ದೇನೆ. ಹಾಕಿದರೆ ಅಪ್ಪನಿಗೆ ತಿಳಿಯುತ್ತದೆ, ಮಕ್ತಲಕ್ಕೆ ತಿಳಿಯುತ್ತದೆ, ಆ ಮೋಟರ್‌ಸೈಕಲ್ಲಿನವರಿಗೆ ನಿನ್ನ ಬಾಗಿಲು ತಿಳಿಯುತ್ತದೆ. ಹಾಕದಿದ್ದರೆ ಅವರು ಈಶ್ವರಿಯ ಬಾಗಿಲಿಗೇ ಬರುತ್ತಾರೆ. ನಾನು ಏನು ಮಾಡಲಿ? ನೀನೇ ಹೇಳು. ನೀನು ಹೇಳುವ ತನಕ ಅನ್ನಕ್ಕೆ ಅಕ್ಕಿ ತೆಗೆಯುವಾಗಲೆಲ್ಲ ಅದು ಕೈಗೆ ತಾಗುತ್ತದೆ.

ಕಾವ್ಯ

*

ಮಕ್ತಲ,
19 ಅಕ್ಟೋಬರ್ 2025

ಕಾವ್ಯಾ,

ಮೂರು ವಾರ ಸುಮ್ಮನಿದ್ದೆ. ಬೇಡ ಅಂತ ಎರಡು ಸಲ ಬರೆದೆ, ಎರಡನ್ನೂ ಹರಿದೆ. ಟಾಕೀಸಿನ ಮುಂದೆ ಹೇಳುವಾಗ ಇದ್ದ ಧೈರ್ಯ ಬಸ್ಸು ಕೃಷ್ಣೆ ದಾಟುವುದರೊಳಗೆ ಇಳಿದುಹೋಗಿತ್ತು. ದಸರೆಯ ದಿನ ಯಾರೋ ಪಟಾಕಿ ಹೊಡೆದರು, ನಾನು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಿನ್ನೆ ಈಶ್ವರಿ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಮೊನ್ನೆ ಮತ್ತೆ ನಾಲ್ಕು ಜನ ಬಂದು ಹಗೇವಿನ ಬಂಡೆ ಎತ್ತಲು ನೋಡಿದರಂತೆ. ಬಾಗಿಲಿನ ಬರಹವನ್ನು ಸೀಮೆಎಣ್ಣೆ ಹಾಕಿ ತಿಕ್ಕಿದ್ದಾಳೆ, ಹೋಗಿಲ್ಲ. ಮನೆ ಬಿಟ್ಟು ಪುಣೆಗೆ ಹೋಗುತ್ತೇವೆ, ಅಪ್ಪಣೆ ಕೊಡು ಅಂತ ಕೇಳಲು ಬಂದದ್ದು. ದೊಡ್ಡ ಹುಡುಗಿ ನನ್ನ ಪಕ್ಕಕ್ಕೆ ಕೂತು ಕಿವಿಗೆ ಬಾಯಿ ಹಚ್ಚಿ ಕೇಳಿದಳು, 'ಅಜ್ಜೀ, ನಾವೇನಾರ ಅಂದಿದ್ವೇನು ಅವರಿಗೆ?' ಹುಬ್ಬಿನ ಮೇಲೆ ಗಾಯ ಒಣಗಿದೆ. ಏಳು ವರ್ಷವಂತೆ ಅವಳಿಗೆ.

ಅವರು ಹೋದ ಮೇಲೆ ಉದಯಕುಮಾರನನ್ನು ಕೂರಿಸಿ ಎಲ್ಲ ಹೇಳಿದೆ. ಅವನು ಎದ್ದು ಹೋಗಿ ಅಂಗಡಿಯ ಮುಂದಿನ ಕುರ್ಚಿಯನ್ನು ತಂದು ನಮ್ಮ ಹಿಂದಿನ ಬಾಗಿಲಿಗೆ ಹಾಕಿ, ಅದರಲ್ಲಿ ಕೂತ. ಇವತ್ತೂ ಅಲ್ಲೇ ಕೂತಿದ್ದಾನೆ. ಗಿರಾಕಿಗಳು ಅಲ್ಲಿಗೇ ಹೋಗುತ್ತಿದ್ದಾರೆ.

ಹಾಕು ಮಗಳೇ. ಸಂಗೀತ ಬೇಡ. ನಾನು ಸುಮ್ಮನೆ ನಿಂತ ಆ ಹನ್ನೊಂದು ಸೆಕೆಂಡನ್ನು ಕತ್ತರಿಸಬೇಡ. ಎಪ್ಪತ್ತು ವರ್ಷ ಏನು ಮಾಡಿದಿ ಅಂತ ಆ ಹುಡುಗ ಕೇಳಿದ್ದನ್ನೂ ಇಡು. ಸರಿಯಾಗಿಯೇ ಕೇಳಿದ್ದಾನೆ. ಮೈಲಮ್ಮನ ಚಪ್ಪಲಿ ಮಾತ್ರ ತೆಗೆ, ಇಲ್ಲದಿದ್ದರೆ ಅವಳು ಊರೆಲ್ಲ ತೋರಿಸಿಕೊಂಡು ತಿರುಗುತ್ತಾಳೆ.

ಊರಿನ ಹೆಸರು ನಿನ್ನ ಬಾಯಿಂದ ಬಂದದ್ದನ್ನು ನಾನು ಮುಚ್ಚಿಡುವುದಿಲ್ಲ. ನಮ್ಮವ್ವ ನನಗೆ ಮಾಡಿದ್ದನ್ನು ನಿನಗೆ ಮಾಡಲಾರೆ. ನೀನು ಹೋಗಿ ಆ ಕೂಸಿನ ಮುಂದೆ ಕೂತು ನೀನೇ ಹೇಳು. ಹೇಳುವಾಗ ಹೆದರಿಕೆ ಆಗುತ್ತದೆ. ಹೇಳಿದ ಮೇಲೂ ಆಗುತ್ತದೆ. ಅದು ಹೋಗುತ್ತದೆ ಅಂತ ಸುಳ್ಳು ಬರೆಯಲಾರೆ.

ಆ ಸಿನಿಮಾದ ಕುರುಬನನ್ನು ನೆನೆಯುತ್ತಿರುತ್ತೇನೆ, ಹಾಲು ಕೊಟ್ಟವನನ್ನು. ನಮ್ಮವನಿಗೂ ಯಾರಾದರೂ ಕೊಟ್ಟಿರಬಹುದು.

ಅವತ್ತು ಹಾಕಿಕೊಂಡ ಪುತಳಿ ಸರದ ಕೊಂಡಿ ಹಿಂದೆ ಬಿಗಿದುಕೊಂಡಿದೆ, ನನ್ನ ಬೆರಳಿಗೆ ಬಿಚ್ಚಲು ಬರುತ್ತಿಲ್ಲ. ನಿಮ್ಮವ್ವ ಬಿಚ್ಚಿಕೊಡುತ್ತೇನೆ ಅಂದಳು, ಇರಲಿ ಅಂದೆ. ಯಾರಾದರೂ ಗೇಟು ಬಡಿದರೆ ಇದನ್ನು ಹಾಕಿಕೊಂಡೇ ತೆರೆಯುತ್ತೇನೆ.

ನಿನ್ನ ಆಯಿ,
ಶಿವಗಂಗಾಳ ಮಗಳು ಚನ್ನವೀರಮ್ಮ